ಹೆಸರು ಬದಲಿಸಿದ ಹೋಸ್ಟಿಂಗ್ ಕಂಪನಿಯನ್ನು ನಂಬುವ ಮೊದಲು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರಿಂದ ಈ ಸಲ ವೆಬ್ ಹೋಸ್ಟಿಂಗ್ (ವೆಬ್‌ಸೈಟನ್ನು ಬಾಡಿಗೆ ಸರ್ವರಿನಲ್ಲಿ ಇಡುವ ಸೇವೆ) ಬಗ್ಗೆ ಹಲವು ಪತ್ರಗಳು ಬಂದಿವೆ. ಕಂಪನಿಯ ಹೆಸರು ಬದಲಾಗಿದೆ, ದರ ಏರಿದೆ, ಪರಿಚಯದವರು ಲಿಂಕ್ ಕಳಿಸಿ ‘ಇದನ್ನೇ ತಗೊಳ್ಳಿ’ ಎನ್ನುತ್ತಿದ್ದಾರೆ, ಏನು ಮಾಡಲಿ ಎಂಬುದು ಬಹುತೇಕರ ಪ್ರಶ್ನೆ. ಏಳು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ದುರ್ಗದಬೈಲಿನಲ್ಲಿ ನಮ್ಮದು ಸೀರೆ ಅಂಗಡಿ. ನಾಲ್ಕು ವರ್ಷದಿಂದ ಒಂದೇ ಕಂಪನಿಯಲ್ಲಿ ವೆಬ್‌ಸೈಟ್ ಇಟ್ಟಿದ್ದೇವೆ. ಹೋದ ತಿಂಗಳು ‘ನಾವೀಗ ಹೊಸ ಹೆಸರಿನಲ್ಲಿ’ ಎಂದು ಇ-ಮೇಲ್ ಬಂತು. ಲೋಗೋ, ಬಣ್ಣ, ಲಾಗಿನ್ ಪುಟ ಎಲ್ಲ ಬೇರೆಯಾಗಿದೆ. ಇನ್ನೆರಡು ತಿಂಗಳಿಗೆ ರಿನಿವಲ್. ಒಳಗಿನ ಮಂದಿ ಅವರೇನಾ, ಬೇರೆಯವರಾ? ಉಳಿಯಬೇಕೋ, ಬಿಡಬೇಕೋ?
— ಸೀರೆ ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಹೊಸ ವೆಬ್‌ಸೈಟಿನ ಅಂದ ನೋಡಿ ತೀರ್ಮಾನಿಸಬೇಡಿ. ಹಳೆ ಹೆಸರಿನ ಕೊನೆಯ ಬಿಲ್ಲು ಮತ್ತು ಹೊಸ ಹೆಸರಿನ ಮೊದಲ ಬಿಲ್ಲು, ಈ ಎರಡು ಕಾಗದ ಸಾಕು. ಹೊಸ ಬಿಲ್ಲು ಇನ್ನೂ ಬಂದಿಲ್ಲವಾದರೆ ಪ್ರೊಫಾರ್ಮಾ ಇನ್‌ವಾಯ್ಸ್ (ಹಣ ಕಟ್ಟುವ ಮೊದಲು ಕೊಡುವ ಕರಡು ಬಿಲ್ಲು) ಕೇಳಿ ತರಿಸಿಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ಜಿಎಸ್‌ಟಿ ನಂಬರು, ಕಂಪನಿಯ ಸಿಐಎನ್ (ಸರ್ಕಾರ ಕೊಡುವ ಕಂಪನಿ ಗುರುತಿನ ಸಂಖ್ಯೆ), ಹಣ ಹೋಗುವ ಖಾತೆಯ ಹೆಸರು, ಈ ಮೂರನ್ನು ಹೋಲಿಸಿ.

ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಅದರ ಮುಂದಿನ ಹತ್ತು ಪ್ಯಾನ್ ನಂಬರು. ಇಡೀ ನಂಬರಿನಲ್ಲಿ ಆರನೆಯ ಸ್ಥಾನದಲ್ಲಿರುವ ಅಕ್ಷರ ನೋಡಿ. ‘ಸಿ’ ಇದ್ದರೆ ಕಂಪನಿ, ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ, ‘ಪಿ’ ಇದ್ದರೆ ಒಬ್ಬ ವ್ಯಕ್ತಿ. ಜಾಹೀರಾತಿನಲ್ಲಿ ‘ಜಾಗತಿಕ ಸಂಸ್ಥೆ’ ಎಂದು ಬರೆದುಕೊಂಡವರ ನಂಬರಿನಲ್ಲಿ ‘ಪಿ’ ಕಂಡರೆ ಅದು ಒಬ್ಬರೇ ನಡೆಸುವ ವ್ಯವಹಾರ ಎಂದರ್ಥ. ಅಷ್ಟಕ್ಕೇ ಅದು ಮೋಸವಲ್ಲ. ಒಬ್ಬರೇ ಚೆನ್ನಾಗಿ ನಡೆಸುವ ಹೋಸ್ಟಿಂಗೂ ಇದೆ. ಆದರೆ ಆ ಒಬ್ಬರು ಮೇಲಿನವರಿಗೆ ಸರ್ವರ್ ಬಾಡಿಗೆ ಕಟ್ಟದೆ ಹೋದ ದಿನ ನಿಮ್ಮ ಸೈಟೂ ನಿಲ್ಲುತ್ತದೆ. ಜಿಎಸ್‌ಟಿ ಜಾಲತಾಣದ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ನಂಬರು ಹಾಕಿದರೆ ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲವೂ ಲಾಗಿನ್ ಇಲ್ಲದೆ ಸಿಗುತ್ತದೆ.

ಸಿಐಎನ್ 21 ಅಕ್ಷರ-ಅಂಕಿಗಳದ್ದು. ಅದರ 9ರಿಂದ 12ನೆಯ ಸ್ಥಾನದವರೆಗೆ ಇರುವ ನಾಲ್ಕು ಅಂಕಿ ಕಂಪನಿ ಹುಟ್ಟಿದ ವರ್ಷ, ಕೊನೆಯ ಆರು ನೋಂದಣಿ ಸಂಖ್ಯೆ. ಹೆಸರು ಬದಲಿಸಿದರೂ ಈ ವರ್ಷವಾಗಲಿ ನೋಂದಣಿ ಸಂಖ್ಯೆಯಾಗಲಿ ಬದಲಾಗುವುದಿಲ್ಲ. ‘15 ವರ್ಷದ ಅನುಭವ’ ಎನ್ನುವವರ ಸಿಐಎನ್‌ನಲ್ಲಿ 2024 ಎಂದಿದ್ದರೆ ಆ 15 ವರ್ಷ ಯಾರದು ಎಂದು ಕೇಳಲೇಬೇಕು. ಇನ್ನೊಂದು ನಿಯಮ ನಿಮ್ಮ ನೆರವಿಗಿದೆ. 2013ರ ಕಂಪನಿ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಸರು ಬದಲಿಸಿದ ಕಂಪನಿ ಎರಡು ವರ್ಷದವರೆಗೆ ತನ್ನ ಬೋರ್ಡು, ಲೆಟರ್‌ಹೆಡ್, ಬಿಲ್ಲುಗಳ ಮೇಲೆ ಹೊಸ ಹೆಸರಿನ ಜೊತೆ ಹಳೆಯದನ್ನೂ ಮುದ್ರಿಸಬೇಕು. ಬಿಲ್ಲಿನಲ್ಲಿ ಹಳೆ ಹೆಸರಿನ ಸುಳಿವೇ ಇಲ್ಲದಿದ್ದರೆ ಒಂದೋ ಅವರು ನಿಯಮ ಪಾಲಿಸಿಲ್ಲ, ಇಲ್ಲವೇ ಬದಲಾದದ್ದು ಬರೀ ಬ್ರ್ಯಾಂಡ್, ಅದೂ ಅಲ್ಲವಾದರೆ ಕಂಪನಿಯೇ ಬೇರೆ. ಯಾವುದು ಎಂಬುದನ್ನು ಸಿಐಎನ್ ಹೇಳುತ್ತದೆ.

ಎರಡೂ ಬಿಲ್ಲಿನಲ್ಲಿ ಸಿಐಎನ್ ಒಂದೇ ಆಗಿದ್ದರೆ ನಿಮ್ಮ ಒಪ್ಪಂದ ಹಾಗೇ ಮುಂದುವರಿದಿದೆ. ಹಾಗಿದ್ದರೂ ಕಂಪನಿಯ ಷೇರುಗಳು ಬೇರೆಯವರ ಕೈಗೆ ಹೋಗಿರಬಹುದು. ಅದನ್ನು ಎಂಸಿಎ (ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ) ಜಾಲತಾಣದ ‘ಕಂಪನಿ ಮಾಸ್ಟರ್ ಡೇಟಾ’ದಲ್ಲಿ ನಿರ್ದೇಶಕರ ಹೆಸರು ಮತ್ತು ಅವರು ಸೇರಿದ ದಿನಾಂಕ ನೋಡಿ ಊಹಿಸಬಹುದು. ನಿರ್ದೇಶಕರೆಲ್ಲ ಈಚೆಗೆ ಸೇರಿದವರಾದರೆ ಮಾಲೀಕರು ಬದಲಾಗಿದ್ದಾರೆ ಎಂದೇ ಲೆಕ್ಕ. ಸಿಐಎನ್‌ನ ವರ್ಷ, ನೋಂದಣಿ ಸಂಖ್ಯೆ ಬೇರೆಯಾಗಿದ್ದರೆ ಗ್ರಾಹಕರ ಪಟ್ಟಿಯನ್ನೇ ಇನ್ನೊಂದು ಕಂಪನಿಗೆ ಮಾರಿರಬಹುದು. ಆಗ ನೀವು ಮುಂಗಡ ಕಟ್ಟಿದ ತಿಂಗಳುಗಳನ್ನು ಹೊಸ ಕಂಪನಿ ಒಪ್ಪಿಕೊಂಡಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಮಾರಾಟ ಈ ಉದ್ಯಮದಲ್ಲಿ ಹೊಸದೇನಲ್ಲ. ಬಿಗ್‌ರಾಕ್, ರೀಸೆಲರ್‌ಕ್ಲಬ್ 2014ರಲ್ಲಿ ಅಮೆರಿಕದ ಎಂಡ್ಯೂರೆನ್ಸ್ ಇಂಟರ್‌ನ್ಯಾಷನಲ್ ಕೈಗೆ ಹೋದವು. ಬ್ಲೂಹೋಸ್ಟ್, ಹೋಸ್ಟ್‌ಗೇಟರ್ ಅದಕ್ಕೂ ಮೊದಲೇ ಅದರ ಬುಟ್ಟಿಯಲ್ಲಿದ್ದವು. 2021ರಲ್ಲಿ ಅದು ವೆಬ್.ಕಾಮ್ ಜೊತೆ ಸೇರಿ ನ್ಯೂಫೋಲ್ಡ್ ಡಿಜಿಟಲ್ ಆಯಿತು. ಎ2 ಹೋಸ್ಟಿಂಗ್ 2025ರಲ್ಲಿ ವರ್ಲ್ಡ್ ಹೋಸ್ಟ್ ಗ್ರೂಪ್‌ಗೆ ಸೇರಿ ಹೋಸ್ಟಿಂಗ್.ಕಾಮ್ ಎಂಬ ಹೆಸರು ತಳೆಯಿತು. ಹಾಗಾಗಿ ‘ಇವರನ್ನು ಬಿಟ್ಟು ಅವರ ಕಡೆ ಹೋಗುತ್ತೇನೆ’ ಎನ್ನುವಾಗ ಇಬ್ಬರ ಮಾಲೀಕರೂ ಒಬ್ಬರೇ ಅಲ್ಲವಷ್ಟೆ ಎಂದು ನೋಡಿಕೊಳ್ಳಿ.

ಹೊಸ ಮಾಲೀಕರು ಬಂದ ಮೇಲೆ ಸಾಮಾನ್ಯವಾಗಿ ಮೊದಲು ಕಂಟ್ರೋಲ್ ಪ್ಯಾನೆಲ್ (ನೀವು ಲಾಗಿನ್ ಆಗಿ ಸೈಟನ್ನು ನಿರ್ವಹಿಸುವ ತಂತ್ರಾಂಶ) ಬದಲಾಗುತ್ತದೆ. ಇದಕ್ಕೆ ಕಾರಣ ಖರ್ಚು. ಸಿಪ್ಯಾನೆಲ್ ಎಂಬ ಪ್ಯಾನೆಲ್‌ನ ಕಂಪನಿ 2019ರಲ್ಲಿ ಸರ್ವರಿಗೆ ಇಷ್ಟು ಎನ್ನುವ ಶುಲ್ಕ ಬಿಟ್ಟು ಖಾತೆಯ ಲೆಕ್ಕದಲ್ಲಿ ವಸೂಲಿ ಶುರುಮಾಡಿತು. ಆಗಿನಿಂದ ಅನೇಕರು ಡೈರೆಕ್ಟ್‌ಅಡ್ಮಿನ್‌ಗೋ ಸ್ವಂತ ಪ್ಯಾನೆಲ್‌ಗೋ ಹೊರಳಿದ್ದಾರೆ. ಪ್ಯಾನೆಲ್ ಬದಲಾದರೆ ಸಿಪ್ಯಾನೆಲ್‌ನ ಪೂರ್ತಿ ಬ್ಯಾಕಪ್ ಕಡತವನ್ನು ನೇರವಾಗಿ ಬೇರೆ ಕಡೆ ಇಳಿಸುವ ಸುಲಭದ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ವರ್ಗಾವಣೆಯ ನೋಟಿಸು ಬಂದ ದಿನವೇ ಹಳೆ ಪ್ಯಾನೆಲ್‌ನಿಂದ ಪೂರ್ತಿ ಬ್ಯಾಕಪ್ ಇಳಿಸಿಕೊಂಡು ಅಂಗಡಿಯ ಹಾರ್ಡ್‌ಡಿಸ್ಕಿನಲ್ಲಿಡಿ.

ಇನ್ನು ಸರ್ವರ್. ಸೈಟಿನ ಐಪಿ ವಿಳಾಸ (ಸರ್ವರಿನ ಅಂಕಿಯ ವಿಳಾಸ) ಪ್ಯಾನೆಲ್‌ನಲ್ಲೇ ಇರುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಎನ್‌ಎಸ್‌ಲುಕಪ್ ಎಂದು ಬರೆದು ಸೈಟಿನ ಹೆಸರು ಕೊಟ್ಟರೂ ಬರುತ್ತದೆ, ಆದರೆ ಸೈಟಿನ ಮುಂದೆ ಕ್ಲೌಡ್‌ಫ್ಲೇರ್ ಎಂಬ ಮಧ್ಯವರ್ತಿ ಸೇವೆ ಇದ್ದರೆ ಕಾಣುವುದು ಅದರ ಐಪಿ, ನಿಮ್ಮ ಸರ್ವರಿನದಲ್ಲ. ಆ ಐಪಿಯನ್ನು ಏಷ್ಯಾ-ಪೆಸಿಫಿಕ್ ಭಾಗದ ಐಪಿ ನೋಂದಣಿ ಸಂಸ್ಥೆ ಎಪಿನಿಕ್‌ನ ಹುಡುಕು ಪುಟದಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಬೇರೆ ದೊಡ್ಡ ಸಂಸ್ಥೆಯ ಹೆಸರು ಬಂದರೆ ನಿಮ್ಮ ಕಂಪನಿ ಅಲ್ಲಿ ಬಾಡಿಗೆಗಿದೆ ಎಂದರ್ಥ. ನಂತರ ಪಿಂಗ್ ಮಾಡಿ, ಅಂದರೆ ಸರ್ವರಿಗೆ ಸಂದೇಶ ಹೋಗಿಬರುವ ಸಮಯ ಅಳೆಯಿರಿ. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುತ್ತದೆ. ಹುಬ್ಬಳ್ಳಿಯಿಂದ ಮುಂಬೈ ಸರ್ವರಿಗೆ ಹೋಗಿಬರಲು ಕೆಲವು ಹತ್ತು ಮಿಲಿಸೆಕೆಂಡು ಸಾಕು, ಅಮೆರಿಕಕ್ಕೆ 200 ದಾಟುತ್ತದೆ. ‘ಮುಂಬೈ ಸರ್ವರ್’ ಎಂದು ಮಾರಿದ್ದು 230 ತೋರಿಸಿದರೆ ಟಿಕೆಟ್ (ಕಂಪನಿಯ ಸಹಾಯ ವಿಭಾಗಕ್ಕೆ ಬರಹದ ದೂರು) ಹಾಕಿ ವಿವರಣೆ ಕೇಳಿ.

ನಮ್ಮ ಅಭಿಪ್ರಾಯ ಇಷ್ಟು: ಸಿಐಎನ್ ಹಳೆಯದೇ, ಸರ್ವರ್ ಇದ್ದಲ್ಲೇ ಇದೆ, ಟಿಕೆಟಿಗೆ ಒಂದು ದಿನದೊಳಗೆ ಮನುಷ್ಯರೇ ಉತ್ತರಿಸುತ್ತಿದ್ದಾರೆ ಎಂದಾದರೆ ಒಂದೇ ವರ್ಷಕ್ಕೆ ರಿನಿವಲ್ ಮಾಡಿ. ‘ಮೂರು ವರ್ಷಕ್ಕೆ ಕಟ್ಟಿದರೆ ಭಾರಿ ರಿಯಾಯಿತಿ’ ಎಂಬುದಕ್ಕೆ ಮಾತ್ರ ಹೂಂ ಅನ್ನಬೇಡಿ. ಮಾಲೀಕತ್ವ ಬದಲಾದ ಮೊದಲ ವರ್ಷದಲ್ಲಿ ಮುಂಗಡ ಕೊಟ್ಟ ಹಣವನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ.

ಪ್ರಶ್ನೆ: ಯೂಟ್ಯೂಬ್‌ನಾಗ ಒಬ್ರು ‘ಇದ ನಂಬರ್ ಒನ್’ ಅಂದ್ರು, ತಿಂಗಳಿಗೆ 99 ರೂಪಾಯಿ ಅಂತ ಇತ್ತು, ಅವರ ಲಿಂಕ್‌ನಿಂದನ ತಗೊಂಡೆ. ಈಗ ಕಂಪನಿ ಹೆಸರ ಬದಲಾಗೇತಿ, ರಿನಿವಲ್ ದರ ನೋಡಿದ್ರ ಎದಿ ಝಲ್ ಅಂತೈತಿ. ಮೊದಲ ಹ್ಯಾಂಗ ತಿಳೀಬೇಕಿತ್ರಿ?
— ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ನಿಮ್ಮ ಮಾರುಕಟ್ಟೆಯ ಮಾತಿನಲ್ಲೇ ಹೇಳುವುದಾದರೆ ಯೂಟ್ಯೂಬಿನವರು ದಲಾಲರು. ದಲಾಲಿ ತಪ್ಪಲ್ಲ. ಆದರೆ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಎಷ್ಟು, ಯಾರು ಕೊಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಹೋಸ್ಟಿಂಗ್‌ನಲ್ಲಿ ಅದು ಕಾಣುವುದಿಲ್ಲ. ಕಾಣುವಂತೆ ಮಾಡಿಕೊಳ್ಳುವ ದಾರಿ ಸುಲಭ. ಕಂಪನಿಯ ವೆಬ್‌ಸೈಟಿನ ತಳದಲ್ಲಿ ‘ಅಫಿಲಿಯೇಟ್’ ಎಂಬ ಕೊಂಡಿ ಇರುತ್ತದೆ. ಅದನ್ನು ತೆರೆದು ಒಂದು ಮಾರಾಟಕ್ಕೆ ಎಷ್ಟು ಕಮಿಷನ್ ಎಂದು ನೋಡಿ. ಆಮೇಲೆ ನೀವು ಮೊದಲ ವರ್ಷ ಕೊಡುವ ಹಣದ ಪಕ್ಕಕ್ಕೆ ಆ ಮೊತ್ತವನ್ನಿಡಿ.

ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ತಿಂಗಳಿಗೆ 99ರಂತೆ ಒಂದು ವರ್ಷಕ್ಕೆ 1,188 ರೂ. ಕಮಿಷನ್ 3,000 ರೂ. ಅಂದರೆ ನಿಮ್ಮನ್ನು ತಂದವರಿಗೆ ಕಂಪನಿ ನಿಮ್ಮಿಂದ ಪಡೆದದ್ದರ ಎರಡೂವರೆ ಪಟ್ಟು ಕೊಟ್ಟಿದೆ. ಉಳಿದ 1,812 ರೂ., ಸರ್ವರ್ ಖರ್ಚು, ಸಿಬ್ಬಂದಿಯ ಸಂಬಳ ಎಲ್ಲವೂ ನಿಮ್ಮ ರಿನಿವಲ್‌ನಿಂದಲೇ ಹುಟ್ಟಬೇಕು. ಕಮಿಷನ್ ಮೊದಲ ವರ್ಷದ ದರಕ್ಕಿಂತ ಹೆಚ್ಚಿದ್ದಲ್ಲೆಲ್ಲ ರಿನಿವಲ್ ದರ ಎರಡು-ಮೂರು ಪಟ್ಟು ಏರಿದರೆ ಅಚ್ಚರಿಯಿಲ್ಲ. ಇದನ್ನು ಮರೆಮಾಚಲು ಕೆಲವರು 48 ತಿಂಗಳ ಹಣ ಒಟ್ಟಿಗೆ ಕೇಳುತ್ತಾರೆ. ತಿಂಗಳಿಗೆ 99 ಎಂಬುದು 48 ತಿಂಗಳಿಗೆ 4,752 ರೂ., ಮೇಲೆ 18% ಜಿಎಸ್‌ಟಿ 855 ರೂ. 36 ಪೈಸೆ, ಒಟ್ಟು 5,607 ರೂ. 36 ಪೈಸೆ. ಜಾಹೀರಾತಿನಲ್ಲಿ ‘99’ ದಪ್ಪಕ್ಷರದಲ್ಲಿರುತ್ತದೆ, ‘48 ತಿಂಗಳು, ತೆರಿಗೆ ಪ್ರತ್ಯೇಕ’ ಎಂಬುದು ಬೂದುಬಣ್ಣದ ಸಣ್ಣಕ್ಷರದಲ್ಲಿ. ರಿನಿವಲ್ ತಿಂಗಳಿಗೆ 349 ಎಂದಿದ್ದರೆ ವರ್ಷಕ್ಕೆ 4,188, ಜಿಎಸ್‌ಟಿ ಸೇರಿ 4,941 ರೂ. 84 ಪೈಸೆ. ನಾಲ್ಕು ವರ್ಷಕ್ಕೆ ಕೊಟ್ಟ ಹಣ ಆಮೇಲೆ ಹೆಚ್ಚುಕಡಿಮೆ ಒಂದೇ ವರ್ಷಕ್ಕೆ ಬೇಕಾಗುತ್ತದೆ.

ಆದ್ದರಿಂದ ಯಾವ ಎರಡು ಕಂಪನಿಗಳನ್ನು ಹೋಲಿಸಿದರೂ ಐದು ವರ್ಷದ ಒಟ್ಟು ಖರ್ಚನ್ನು ಹೋಲಿಸಿ. ಅದರಲ್ಲಿ ಹೋಸ್ಟಿಂಗ್, ‘ಮೊದಲ ವರ್ಷ ಉಚಿತ’ ಎಂದ ಡೊಮೈನಿನ (ಸೈಟಿನ ವಿಳಾಸದ ಹೆಸರು) ಮುಂದಿನ ವರ್ಷಗಳು, ಬ್ಯಾಕಪ್ ಶುಲ್ಕ, ಇ-ಮೇಲ್ ಪೆಟ್ಟಿಗೆಗಳ ಶುಲ್ಕ, ಜಿಎಸ್‌ಟಿ ಎಲ್ಲ ಬರಲಿ. ಎಸ್‌ಎಸ್‌ಎಲ್‌ಗೆ (ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಪ್ರಮಾಣಪತ್ರ) ಬೇರೆ ಹಣ ಕೇಳಿದರೆ ಅಂಥವರನ್ನು ಪಟ್ಟಿಯಿಂದಲೇ ತೆಗೆಯಿರಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಪ್ರಮಾಣಪತ್ರ ಉಚಿತ, ಅದನ್ನು ತಾನೇ ನವೀಕರಿಸುವ ವ್ಯವಸ್ಥೆಯೂ ಸಾಮಾನ್ಯ ಪ್ಯಾನೆಲ್‌ಗಳಲ್ಲಿದೆ. ಹಣ ಕಟ್ಟುವ ಪುಟದಲ್ಲಿ ಮೊದಲೇ ಟಿಕ್ ಹಾಕಿಟ್ಟ ಹೆಚ್ಚುವರಿ ಸೇವೆಗಳನ್ನು ಒಂದೊಂದಾಗಿ ತೆಗೆಯಿರಿ. ಕೇಳದೆ ಬುಟ್ಟಿಗೆ ಸೇರಿಸುವುದು, ದರವನ್ನು ಕೊನೆಯಲ್ಲಿ ಬಯಲುಮಾಡುವುದು, ಚಂದಾದಿಂದ ಹೊರಬರಲಾಗದಂತೆ ಸಿಕ್ಕಿಸುವುದು, ಇವೆಲ್ಲ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೆಸರಿಸಿ ನಿಷೇಧಿಸಿದ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ ಸೇರಿವೆ.

ಈಗ ಮಾಡಬೇಕಾದದ್ದು: ಆಟೊ ರಿನಿವಲ್ ಬಂದ್ ಮಾಡಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಮುನ್ನ 24 ಗಂಟೆ ಮೊದಲು ಸೂಚನೆ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಸಂದೇಶ ಬಂದಾಗಲೂ ತಡೆಯಬಹುದು, ಬ್ಯಾಂಕಿನ ಆ್ಯಪ್‌ನಲ್ಲಿ ಮ್ಯಾಂಡೇಟನ್ನೇ ರದ್ದು ಮಾಡಬಹುದು. ಅದಾದ ಮೇಲೆ ‘ಈ ದರಕ್ಕೆ ಉಳಿಯಲಾರೆ’ ಎಂದು ಟಿಕೆಟ್ ಹಾಕಿ. ಬಿಟ್ಟುಹೋಗುವ ಗ್ರಾಹಕನಿಗೆ ದರ ಇಳಿಸುವುದು ಈ ವ್ಯಾಪಾರದಲ್ಲಿ ರೂಢಿ.

ಪ್ರಶ್ನೆ: ನಾನು ಒಂದು ಹೋಸ್ಟಿಂಗ್ ಕಂಪನಿಯ ಅಫಿಲಿಯೇಟ್. ವಿಡಿಯೊಗಳ ಕೆಳಗೆ ಲಿಂಕ್ ಹಾಕಿದ್ದೇನೆ. ಕಂಪನಿ ಹೆಸರು, ಡೊಮೈನ್ ಎರಡನ್ನೂ ಬದಲಿಸಿದ ಮೇಲೆ ಕ್ಲಿಕ್ಕುಗಳು ಬರುತ್ತಿವೆ, ಕಮಿಷನ್ ಮಾತ್ರ ಸೊನ್ನೆ. ಲಿಂಕ್ ಒತ್ತಿದರೆ ಹೊಸ ಸೈಟೇನೋ ತೆರೆಯುತ್ತದೆ. ತಪ್ಪು ಎಲ್ಲಿದೆ?
— ವಿದ್ಯಾರ್ಥಿ, ಗದಗ

ಉತ್ತರ: ಎರಡು ಕಡೆ ಇರಬಹುದು. ಕುಕಿ ಎಂಬುದು ಯಾರ ಲಿಂಕಿನಿಂದ ಬಂದರೆಂದು ನೋಡುಗರ ಬ್ರೌಸರಿನಲ್ಲಿ ಇಡುವ ಗುರುತು, ಅದು ಡೊಮೈನಿಗೆ ಅಂಟಿಕೊಂಡದ್ದು. ಹಳೆ ಡೊಮೈನಿನಲ್ಲಿ ಇಟ್ಟ ಕುಕಿಯನ್ನು ಹೊಸ ಡೊಮೈನ್ ಓದಲಾರದು. ಹಾಗಾಗಿ ಹೆಸರು ಬದಲಾಗುವ ಮೊದಲು ನಿಮ್ಮ ಲಿಂಕ್ ಒತ್ತಿ, ಬದಲಾದ ಮೇಲೆ ಖರೀದಿಸಿದವರ ಲೆಕ್ಕ ಕಳೆದುಹೋಗಿರುವ ಸಾಧ್ಯತೆ ಹೆಚ್ಚು. ಎರಡನೆಯದು ನಿಮ್ಮ ಗುರುತಿನ ಸಂಖ್ಯೆ. ಲಿಂಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಭಾಗ ಅದು. ಹಳೆ ವಿಳಾಸದಿಂದ ಹೊಸದಕ್ಕೆ 301 ಮರುನಿರ್ದೇಶನ ಮಾಡುವಾಗ ಕೆಲವರು ಎಲ್ಲರನ್ನೂ ಬರೀ ಮುಖಪುಟಕ್ಕೆ ಕಳಿಸುತ್ತಾರೆ, ಪ್ರಶ್ನಾರ್ಥಕದ ನಂತರದ್ದೆಲ್ಲ ಉದುರಿಹೋಗುತ್ತದೆ. ಸೈಟು ತೆರೆಯುತ್ತದೆ, ನೀವು ಕಳಿಸಿದವರೆಂಬ ಗುರುತು ಮಾತ್ರ ಇರುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ ‘ಪ್ರಿಸರ್ವ್ ಲಾಗ್’ಗೆ ಟಿಕ್ ಹಾಕಿ, ಆಮೇಲೆ ನಿಮ್ಮ ಲಿಂಕ್ ತೆರೆಯಿರಿ. ಮೊದಲ ಸಾಲುಗಳಲ್ಲಿ 301 ಅಥವಾ 302 ಕಾಣುತ್ತದೆ. ಪ್ರತಿ ಸಾಲಿನ ವಿಳಾಸದಲ್ಲೂ ನಿಮ್ಮ ಸಂಖ್ಯೆ ಉಳಿದಿದೆಯೇ ನೋಡಿ. ಬಳಿಕ ‘ಆ್ಯಪ್ಲಿಕೇಶನ್’ ವಿಭಾಗದ ಕುಕಿಗಳಲ್ಲಿ ಹೊಸ ಡೊಮೈನಿನ ಹೆಸರಿನಡಿ ಅಫಿಲಿಯೇಟ್ ಕುಕಿ ಬಂದಿದೆಯೇ, ಅದರ ಅವಧಿ ಒಪ್ಪಂದದಲ್ಲಿ ಹೇಳಿದ 30, 60 ಅಥವಾ 90 ದಿನವೇ ನೋಡಿ. ಸಫಾರಿ ಬ್ರೌಸರ್ ಜಾವಾಸ್ಕ್ರಿಪ್ಟಿನಿಂದ ಇಟ್ಟ ಕುಕಿಗಳನ್ನು 7 ದಿನಕ್ಕಿಂತ ಹೆಚ್ಚು ಉಳಿಸುವುದಿಲ್ಲ. ಐಫೋನ್ ಬಳಸುವ ನೋಡುಗರ ಲೆಕ್ಕ ಕಡಿಮೆ ಬರಲು ಅದೂ ಕಾರಣ. ಸಂಖ್ಯೆ ಉದುರಿದ್ದು ಕಂಡರೆ ಪರದೆಯ ಚಿತ್ರ ತೆಗೆದು, ದಿನಾಂಕ ಹಾಕಿ, ಅಫಿಲಿಯೇಟ್ ವಿಭಾಗಕ್ಕೆ ಇ-ಮೇಲ್ ಮಾಡಿ. ಉತ್ತರಕ್ಕೆ ಕಾಯದೆ ಎಲ್ಲ ವಿಡಿಯೊಗಳ ಕೆಳಗೂ ಹೊಸ ಡ್ಯಾಶ್‌ಬೋರ್ಡಿನ ಲಿಂಕನ್ನೇ ಹಾಕಿಬಿಡಿ.

ಹೊಸ ಷರತ್ತುಗಳನ್ನೂ ಓದಿ. ಹೆಸರು ಬದಲಾದಾಗ ಕಮಿಷನ್ ತಡೆಹಿಡಿಯುವ ಅವಧಿಯನ್ನು 45ರಿಂದ 90 ದಿನಕ್ಕೆ ಏರಿಸುವುದು, ಕನಿಷ್ಠ ಪಾವತಿ ಮೊತ್ತ ಹೆಚ್ಚಿಸುವುದು, ಪ್ರತಿ ರಿನಿವಲ್‌ಗೂ ಕೊಡುತ್ತಿದ್ದ ಕಮಿಷನ್ನನ್ನು ಮೊದಲ ಮಾರಾಟಕ್ಕೆ ಸೀಮಿತಗೊಳಿಸುವುದು ಇವೆಲ್ಲ ನಡೆಯುತ್ತವೆ. ಹಳೆ ಬಾಕಿ ಹೊಸ ಖಾತೆಗೆ ಬಂದಿದೆಯೇ ಎಂದು ಕೊನೆಯ ಹಳೆ ಹೇಳಿಕೆಯ ಜೊತೆ ತಾಳೆ ನೋಡಿ. ನಿಮ್ಮದೇ ಲಿಂಕಿನಿಂದ ನೀವೇ ಖರೀದಿಸಿದರೆ ಬಹುತೇಕ ಎಲ್ಲರೂ ಖಾತೆ ಮುಚ್ಚುತ್ತಾರೆ, ಪರೀಕ್ಷೆಗೆಂದೂ ಹಾಗೆ ಮಾಡಬೇಡಿ. ಭಾರತದ ಕಂಪನಿಯಾದರೆ ವರ್ಷದ ಕಮಿಷನ್ 20,000 ರೂ. ದಾಟಿದಾಗ 2% ಟಿಡಿಎಸ್ ಕಡಿತವಾಗುತ್ತದೆ, ಪ್ಯಾನ್ ಕೊಡದಿದ್ದರೆ 20%. ಪ್ಯಾನ್ ವಿವರ ಹೊಸ ಖಾತೆಗೆ ಬಂದಿದೆಯೇ ಎಂದು ನೋಡಲು ಇದೊಂದೇ ಕಾರಣ ಸಾಕು.

ಇನ್ನೊಂದು ಮಾತು, ಇದು ನಿಮ್ಮ ನೋಡುಗರ ಪರವಾಗಿ. ಲಿಂಕಿನಿಂದ ನಿಮಗೆ ಹಣ ಬರುತ್ತದೆ ಎಂಬುದನ್ನು ವಿಡಿಯೊದ ಒಳಗೇ, ಕನ್ನಡದಲ್ಲೇ ಹೇಳಿ. 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಶಿಫಾರಸು ಮಾಡುವವರು ಕಂಪನಿಯ ಜೊತೆಗಿನ ಹಣದ ಸಂಬಂಧವನ್ನು ಬಹಿರಂಗಪಡಿಸಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂ.ವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಹಳೆ ಹೆಸರಿದ್ದಾಗ ಮಾಡಿದ ‘ಅತ್ಯುತ್ತಮ’ ಎಂಬ ವಿಡಿಯೊ ಹೊಸ ಮಾಲೀಕರ ಸೇವೆಗೆ ಸಾಕ್ಷಿಯಾಗಲಾರದು. ಮತ್ತೆ ಬಳಸಿ ನೋಡುವವರೆಗೆ ಆ ಮಾತಿನ ಕೆಳಗೆ ‘ಇದು ಹಳೆ ಕಂಪನಿಯ ಅನುಭವ’ ಎಂದು ಬರೆದಿಡಿ.

ಪ್ರಶ್ನೆ: ‘ಅನ್‌ಲಿಮಿಟೆಡ್’ ಪ್ಲ್ಯಾನ್ ತೆಗೆದುಕೊಂಡಿದ್ದೇವೆ. ಹಬ್ಬದ ವಾರ ಪೇಢೆಯ ಆರ್ಡರ್ ಜಾಸ್ತಿ ಬಂದಾಗ ಸೈಟ್ ನಿಂತು ‘508’ ಎಂದು ತೋರಿಸುತ್ತದೆ. 99.9% ಅಪ್‌ಟೈಮ್ ಎಂದಿದ್ದರಲ್ಲ?
— ಸಿಹಿತಿನಿಸು ವ್ಯಾಪಾರಿ, ಧಾರವಾಡ

ಉತ್ತರ: ಅನ್‌ಲಿಮಿಟೆಡ್ ಎಂದದ್ದು ಡಿಸ್ಕಿಗೆ, ಬ್ಯಾಂಡ್‌ವಿಡ್ತ್‌ಗೆ. ಮಿತಿ ಇರುವುದು ಬೇರೆ ಕಡೆ. ಹಂಚಿಕೆಯ ಸರ್ವರುಗಳಲ್ಲಿ ಸಾಮಾನ್ಯವಾಗಿ ಕ್ಲೌಡ್‌ಲಿನಕ್ಸ್ ಇರುತ್ತದೆ, ಅದು ಪ್ರತಿ ಖಾತೆಗೂ ಪ್ರೊಸೆಸರ್, ಮೆಮೊರಿ, ಏಕಕಾಲದ ಎಂಟ್ರಿ ಪ್ರೊಸೆಸ್‌ಗಳ ಗಡಿ ಹಾಕುತ್ತದೆ. ಎಂಟ್ರಿ ಪ್ರೊಸೆಸ್ 20 ಎಂದಿದ್ದರೆ ಒಂದೇ ಕ್ಷಣದಲ್ಲಿ 20 ಪಿಎಚ್‌ಪಿ (ಪುಟ ತಯಾರಿಸುವ ತಂತ್ರಾಂಶ) ಕೋರಿಕೆಗಳು ಮಾತ್ರ ನಡೆಯಬಹುದು, 21ನೆಯದಕ್ಕೆ 508. ಇದರರ್ಥ 20 ಗ್ರಾಹಕರು ಎಂದಲ್ಲ. ಒಂದು ಪುಟ ಅರ್ಧ ಸೆಕೆಂಡಿನಲ್ಲಿ ತಯಾರಾದರೆ ಸೆಕೆಂಡಿಗೆ 40 ಕೋರಿಕೆ ಹಿಡಿಸುತ್ತವೆ, ನಾಲ್ಕು ಸೆಕೆಂಡು ಹಿಡಿದರೆ ಬರೀ 5. ಹಾಗಾಗಿ ಮೊದಲು ಪುಟವನ್ನು ಹಗುರ ಮಾಡಿ: ತಯಾರಾದ ಪುಟವನ್ನು ಉಳಿಸಿಡುವ ಕ್ಯಾಶ್ ಪ್ಲಗಿನ್ ಹಾಕಿ, ಬೇಡದ ಪ್ಲಗಿನ್ ಕಿತ್ತುಹಾಕಿ, ಪಿಎಚ್‌ಪಿ ಆವೃತ್ತಿ ಏರಿಸಿ. 7.4ಕ್ಕೆ ಬೆಂಬಲ 2022ರ ನವೆಂಬರಿನಲ್ಲೇ ಮುಗಿದಿದೆ. ಆದರೆ ಬುಟ್ಟಿ ಮತ್ತು ಹಣ ಕಟ್ಟುವ ಪುಟಗಳನ್ನು ಕ್ಯಾಶ್ ಮಾಡಲಾಗದು. ಆರ್ಡರಿನ ನೂಕುನುಗ್ಗಲಿಗೆ ಕೊನೆಗೆ ದೊಡ್ಡ ಪ್ಲ್ಯಾನೋ ವಿಪಿಎಸ್ಸೋ (ಸರ್ವರಿನಲ್ಲಿ ನಿಮಗೇ ಮೀಸಲಾದ ಪಾಲು) ಬೇಕು.

ಪ್ಯಾನೆಲ್‌ನ ‘ರಿಸೋರ್ಸ್ ಯೂಸೇಜ್’ನಲ್ಲಿ ಯಾವ ಗಡಿ ಎಷ್ಟು ಸಲ ಮುಟ್ಟಿದೆ ಎಂದು ನೋಡಿ. ಹೆಸರು ಬದಲಾದ ಕಂಪನಿಯಾದರೆ ಹಳೆಯ ಗಡಿ, ಹೊಸ ಗಡಿ ಹೋಲಿಸಿ. ಪ್ಲ್ಯಾನಿನ ಹೆಸರು ಅದೇ ಇದ್ದು ಒಳಗಿನ ಗಡಿ ಕುಗ್ಗಿರಬಹುದು. ಐನೋಡ್ ಎಂಬ ಇನ್ನೊಂದು ಮಿತಿಯೂ ಇದೆ, ಅದು ಕಡತಗಳ ಎಣಿಕೆ. ಪ್ರತಿ ಇ-ಮೇಲೂ ಒಂದು ಕಡತ. ಹತ್ತು ವರ್ಷದ ಮೇಲ್ ಅಲ್ಲೇ ಇಟ್ಟರೆ ಡಿಸ್ಕಿನಲ್ಲಿ ಜಾಗವಿದ್ದೂ ಹೊಸ ಮೇಲ್ ಒಳಗೆ ಬರುವುದಿಲ್ಲ.

99.9% ಎಂದರೂ 30 ದಿನದ ತಿಂಗಳಲ್ಲಿ 43 ನಿಮಿಷ ನಿಲ್ಲಲು ಅವಕಾಶವಿದೆ. 508 ಬಂದರೆ ಸರ್ವರ್ ನಡೆಯುತ್ತಿದೆ, ನಿಮ್ಮ ಪಾಲು ಮುಗಿದಿದೆ ಎಂದು ಲೆಕ್ಕ. ಆ ಖಾತರಿಯಡಿ ಅದಕ್ಕೆ ಪರಿಹಾರ ಸಿಗುವುದಿಲ್ಲ.

ಪ್ರಶ್ನೆ: ಬಿಡಲು ನಿರ್ಧರಿಸಿದ್ದೇನೆ. ಬೀಜ-ಗೊಬ್ಬರದ ಅಂಗಡಿಯ ವರ್ಡ್‌ಪ್ರೆಸ್ ಸೈಟ್, ಪೂರ್ತಿ ಕನ್ನಡದಲ್ಲಿದೆ. ಹೋದ ಸಲ ಒಬ್ಬರು ವರ್ಗಾಯಿಸಿ ಕೊಟ್ಟಾಗ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು. ಹಾಗಾಗದಂತೆ ಹೇಗೆ?
— ರಾಣೆಬೆನ್ನೂರು

ಉತ್ತರ: ಮೊದಲು ದಿನ ಆರಿಸಿ. ರೋಹಿಣಿ ಮಳೆಯ ಹಿಂದುಮುಂದು, ಬಿತ್ತನೆ ಬೀಜಕ್ಕೆ ಜನ ಮುಗಿಬೀಳುವ ವಾರಗಳಲ್ಲಿ ಕೈ ಹಾಕಬೇಡಿ. ಹಳೆ ಖಾತೆ ಮುಗಿಯಲು ಕನಿಷ್ಠ 20 ದಿನ ಉಳಿದಿರಲಿ.

ಎರಡು ದಿನ ಮೊದಲು ಡಿಎನ್‌ಎಸ್‌ನಲ್ಲಿ (ಡೊಮೈನನ್ನು ಸರ್ವರಿಗೆ ಜೋಡಿಸುವ ಪಟ್ಟಿ) ಎ ದಾಖಲೆ (ಸೈಟಿನ ಸರ್ವರ್) ಮತ್ತು ಎಂಎಕ್ಸ್ ದಾಖಲೆಗಳ (ಮೇಲ್ ಸರ್ವರ್) ಟಿಟಿಎಲ್ ಅನ್ನು (ಹಳೆ ವಿಳಾಸ ನೆನಪಿಡುವ ಸೆಕೆಂಡುಗಳು) 14400ರಿಂದ 300ಕ್ಕೆ ಇಳಿಸಿ. ಆಗ ಬದಲಾವಣೆ ನಾಲ್ಕು ಗಂಟೆಯ ಬದಲು ಐದು ನಿಮಿಷದಲ್ಲಿ ಹರಡುತ್ತದೆ. ಆ ಪಟ್ಟಿ ಇರುವ ನೇಮ್‌ಸರ್ವರನ್ನೇ ಬದಲಿಸಿದರೆ ಈ ಉಪಾಯ ನಡೆಯುವುದಿಲ್ಲ, .ಕಾಮ್‌ಗೆ 48 ಗಂಟೆಯವರೆಗೂ ಹಿಡಿಯಬಹುದು. ಡಿಎನ್‌ಎಸ್ ದಾಖಲೆಗಳೆಲ್ಲವನ್ನೂ ಒಂದು ಕಡತದಲ್ಲಿ ನಕಲು ಮಾಡಿಟ್ಟುಕೊಳ್ಳಿ. ಮರೆತುಹೋಗುವುದು ಇದೇ.

ನಂತರ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರನ್ನು ಜಿಪ್ ಮಾಡಿ ಇಳಿಸಿ, ಪ್ಯಾನೆಲ್‌ನಲ್ಲಿರುವ ಪಿಎಚ್‌ಪಿಮೈಅಡ್ಮಿನ್‌ನಿಂದ ಡೇಟಾಬೇಸನ್ನು ಎಸ್‌ಕ್ಯುಎಲ್ ಕಡತವಾಗಿ ಇಳಿಸಿ. ನಿಮ್ಮ ತೊಂದರೆ ಹುಟ್ಟುವುದು ಇಲ್ಲಿ. ಕನ್ನಡದ ಪ್ರತಿ ಅಕ್ಷರ ಸಂಕೇತ ಯುಟಿಎಫ್-8 ಎಂಬ ಪದ್ಧತಿಯಲ್ಲಿ 3 ಬೈಟ್. ಹೊಸ ಡೇಟಾಬೇಸನ್ನು ಲ್ಯಾಟಿನ್1 ಅಕ್ಷರಗಣದಲ್ಲಿ ಮಾಡಿದ್ದರೆ ಅದಕ್ಕೆ ಹಿಡಿಸದ ಅಕ್ಷರವೆಲ್ಲ ಪ್ರಶ್ನಾರ್ಥಕವಾಗಿ ಬರೆದುಕೊಳ್ಳುತ್ತದೆ. ಹಾಗೆ ಬರೆದದ್ದು ಮರಳಿ ಬರುವುದಿಲ್ಲ, ಹಳೆ ಬ್ಯಾಕಪ್ಪಿನಿಂದಲೇ ತರಬೇಕು. ಪ್ರಶ್ನಾರ್ಥಕದ ಬದಲು ತಲೆಯ ಮೇಲೆ ಚುಕ್ಕೆ-ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಬೈಟ್‌ಗಳು ಉಳಿದಿವೆ, ಓದುವ ಸಂಕೇತ ತಪ್ಪಿದೆ, ಸರಿಪಡಿಸಬಹುದು. ಹೊಸ ಡೇಟಾಬೇಸ್ ಮಾಡಿದ ಕೂಡಲೇ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಯುಟಿಎಫ್8ಎಂಬಿ4 ಯೂನಿಕೋಡ್ ಎಂದಿಟ್ಟು ಆಮೇಲೆ ಇಂಪೋರ್ಟ್ ಮಾಡಿ. ಎಸ್‌ಕ್ಯುಎಲ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಆನ್ಸಿ ಎಂದು ಉಳಿಸಿದರೂ ಕನ್ನಡ ಹೋಗುತ್ತದೆ. ತೆರೆಯಲೇಬೇಕಾದರೆ ಯುಟಿಎಫ್-8 ಎಂದೇ ಉಳಿಸಿ. ಹಳೆ ಸರ್ವರಿನ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯುಎಲ್ 8, ಹೊಸ ಸರ್ವರಿನದು ಹಳೆ ಆವೃತ್ತಿಯ ಮರಿಯಾಡಿಬಿ ಆಗಿದ್ದರೆ ‘ಅನ್‌ನೋನ್ ಕೊಲೇಷನ್’ ಎಂಬ ದೋಷ ಬರುತ್ತದೆ. ಆಗ ಕಡತದೊಳಗೆ 0900 ಎಂದಿರುವ ಕೊಲೇಷನ್ ಹೆಸರನ್ನೆಲ್ಲ ಯುಟಿಎಫ್8ಎಂಬಿ4ರ ಯೂನಿಕೋಡ್ ಕೊಲೇಷನ್‌ಗೆ ಬದಲಿಸಿದರೆ ಸರಿಹೋಗುತ್ತದೆ. ಹಳೆ ಪುಟಗಳಲ್ಲಿ ಯೂನಿಕೋಡ್ ಅಲ್ಲದ ನುಡಿ ಫಾಂಟ್ ಬಳಸಿದ್ದರೆ ಅದು ಬೇರೆ ಸಂಗತಿ, ಆ ಬರಹವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು.

ಹೊಸ ಸರ್ವರಿನಲ್ಲಿ ಡಬ್ಲ್ಯುಪಿ-ಕಾನ್ಫಿಗ್ ಕಡತದ ಡೇಟಾಬೇಸ್ ಹೆಸರು, ಬಳಕೆದಾರ, ಪಾಸ್‌ವರ್ಡ್ ತಿದ್ದಿ. ಡಿಎನ್‌ಎಸ್ ಬದಲಿಸುವ ಮುನ್ನ ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಕಡತದಲ್ಲಿ ಹೊಸ ಐಪಿ ಮತ್ತು ಡೊಮೈನ್ ಹೆಸರು ಬರೆದರೆ ನಿಮಗೊಬ್ಬರಿಗೇ ಹೊಸ ಸೈಟ್ ಕಾಣುತ್ತದೆ. ಕನ್ನಡ ಪುಟ, ಚಿತ್ರ, ಸಂಪರ್ಕದ ಫಾರ್ಮ್ ಎಲ್ಲ ನೋಡಿ ಆ ಸಾಲು ಅಳಿಸಿ, ಎ ದಾಖಲೆ ಬದಲಿಸಿ.

ಇ-ಮೇಲ್ ಮರೆಯಬೇಡಿ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಹಳೆಯ, ಹೊಸ ಎರಡೂ ಖಾತೆಗಳನ್ನು ಐಮ್ಯಾಪ್ ಮೂಲಕ ಸೇರಿಸಿ ಮೇಲ್‌ಗಳನ್ನು ಎಳೆದು ಹಾಕಬಹುದು. ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಲ್ಲ ಸರ್ವರುಗಳನ್ನು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ಹೊಸ ಸರ್ವರ್ ಸೇರಿಸಿ, ಆದರೆ ಎರಡನೆಯ ಎಸ್‌ಪಿಎಫ್ ದಾಖಲೆ ಬರೆಯಬೇಡಿ, ಎರಡಿದ್ದರೆ ಎರಡೂ ಅಮಾನ್ಯ. ಮೇಲ್ ನಿಮ್ಮದೇ ಎಂದು ತೋರಿಸುವ ಡಿಕಿಮ್ ಕೀಲಿಯನ್ನು ಹೊಸ ಪ್ಯಾನೆಲ್‌ನಿಂದಲೇ ಪಡೆದು ಡಿಎನ್‌ಎಸ್‌ಗೆ ಸೇರಿಸಬೇಕು. ಈ ಎರಡೂ ಇಲ್ಲದ ಮೇಲ್‌ಗಳನ್ನು 2024ರ ಫೆಬ್ರವರಿಯಿಂದ ಜಿಮೇಲ್ ತಿರಸ್ಕರಿಸಬಹುದು, ಇಲ್ಲವೇ ಸ್ಪ್ಯಾಮಿಗೆ ತಳ್ಳಬಹುದು. ಹಳೆ ಖಾತೆಯನ್ನು ಇನ್ನೂ ಹತ್ತು ದಿನ ಹಾಗೇ ಬಿಡಿ, ತಡವಾಗಿ ಬಂದ ಮೇಲ್ ಅಲ್ಲಿ ಸಿಗಬಹುದು.

ಬ್ಯಾಕಪ್ಪಿನ ಒಂದು ಪ್ರತಿ ಹೋಸ್ಟಿಂಗ್ ಕಂಪನಿಯ ಹೊರಗಿರಲಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಪ್ರಶ್ನೆ: ಡೊಮೈನ್ ನನ್ನ ಹೆಸರಿನಲ್ಲಿದೆಯೋ, ಸೈಟ್ ಮಾಡಿಕೊಟ್ಟವರ ಹೆಸರಿನಲ್ಲೋ ಗೊತ್ತಿಲ್ಲ.
— ಲಕ್ಷ್ಮೇಶ್ವರ

ಉತ್ತರ: ಡೊಮೈನ್ ಹೆಸರುಗಳ ಜಾಗತಿಕ ಸಂಸ್ಥೆ ಐಕ್ಯಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿ ನೋಡಿ. ಡೊಮೈನ್ ವಿವರ ಕೊಡುತ್ತಿದ್ದ ಹಳೆಯ ಹೂಈಸ್ ವ್ಯವಸ್ಥೆಯ ಜಾಗಕ್ಕೆ 2025ರ ಜನವರಿ 28ರಿಂದ ಆರ್‌ಡ್ಯಾಪ್ ಬಂದಿದೆ. ಮಾಲೀಕರ ಹೆಸರು ಮುಚ್ಚಿರಬಹುದು, ಆದರೆ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿದ ಕಂಪನಿ) ಯಾರು, ಯಾವಾಗ ಮುಗಿಯುತ್ತದೆ ಎಂಬುದು ಕಾಣುತ್ತದೆ. ಆ ರಿಜಿಸ್ಟ್ರಾರ್‌ನಲ್ಲಿ ಲಾಗಿನ್ ನಿಮ್ಮ ಕೈಯಲ್ಲಿ ಇಲ್ಲವೆಂದರೆ ಡೊಮೈನ್ ನಿಮ್ಮ ಹಿಡಿತದಲ್ಲಿಲ್ಲ. ಸೈಟ್ ಮಾಡಿದವರಿಂದ ವರ್ಗಾವಣೆ ಕೋಡ್ ಕೇಳಿ. .ಕಾಮ್‌ನಂಥ ಡೊಮೈನಿಗೆ ನೋಂದಾಯಿತ ಮಾಲೀಕರು ಕೇಳಿದ ಐದು ದಿನದೊಳಗೆ ರಿಜಿಸ್ಟ್ರಾರ್ ಅದನ್ನು ಕೊಡಬೇಕು. ಹೊಸದಾಗಿ ನೋಂದಾಯಿಸಿ ಅಥವಾ ವರ್ಗಾಯಿಸಿ 60 ದಿನ ಆಗಿರದಿದ್ದರೆ ಕಾಯಬೇಕು. ಇನ್ನು ಮುಂದೆ ಡೊಮೈನ್ ಒಂದು ಕಂಪನಿಯಲ್ಲಿ, ಹೋಸ್ಟಿಂಗ್ ಇನ್ನೊಂದರಲ್ಲಿ ಇರಲಿ. ಹೋಸ್ಟಿಂಗ್‌ನವರ ಜೊತೆ ತಕರಾರಾದರೂ ಹೆಸರು ಕೈಬಿಟ್ಟುಹೋಗುವುದಿಲ್ಲ.

ಪ್ರಶ್ನೆ: ಹಣ ಮರಳಿಸುತ್ತೇವೆ ಎಂದು ಮೂರು ತಿಂಗಳಿಂದ ಸತಾಯಿಸುತ್ತಿದ್ದಾರೆ. ‘ನಮ್ಮ ನ್ಯಾಯವ್ಯಾಪ್ತಿ ಮುಂಬೈ’ ಎನ್ನುತ್ತಾರೆ. ಹಾವೇರಿಯಿಂದ ಏನು ಮಾಡಲಿ?
— ಹೊಲಿಗೆ ಉದ್ಯಮಿ, ಹಾವೇರಿ

ಉತ್ತರ: ಮೊದಲು ಅವರ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಮಾಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು, ಮುಂಬೈಗೆ ಹೋಗಬೇಕಿಲ್ಲ. 5 ಲಕ್ಷ ರೂ.ವರೆಗಿನ ಖರೀದಿಗೆ ಶುಲ್ಕವಿಲ್ಲ, ಗಡುವು ಎರಡು ವರ್ಷ. ವ್ಯಾಪಾರದ ಲಾಭಕ್ಕೆ ಕೊಂಡದ್ದಕ್ಕೆ ಈ ಕಾಯ್ದೆ ಅನ್ವಯಿಸದು, ಆದರೆ ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದು ಅನ್ವಯಿಸುತ್ತದೆ. ನೀವೇ ಹೊಲಿದು ಮಾರುವವರಾದರೆ ದೂರಿನಲ್ಲಿ ಆ ಮಾತನ್ನು ಸ್ಪಷ್ಟವಾಗಿ ಬರೆಯಿರಿ. ಜೊತೆಗೆ ಹಣ ಕಟ್ಟಿದ ರಸೀದಿ, ಹಣ ಮರಳಿಸುವ ಷರತ್ತಿನ ಪುಟದ ಅಂದಿನ ಪ್ರತಿ, ಎಲ್ಲ ಟಿಕೆಟ್ ಸಂಖ್ಯೆಗಳನ್ನು ಲಗತ್ತಿಸಿ. ಕಂಪನಿಯ ಹೆಸರು ಬದಲಾಗಿದ್ದರೆ ದೂರಿನಲ್ಲಿ ಹಳೆಯ, ಹೊಸ ಎರಡೂ ಹೆಸರು ಮತ್ತು ಸಿಐಎನ್ ಬರೆಯಿರಿ, ಇಲ್ಲದಿದ್ದರೆ ನೋಟಿಸು ‘ಈ ವಿಳಾಸದಲ್ಲಿ ಇಲ್ಲ’ ಎಂದು ವಾಪಸಾಗುತ್ತದೆ.